ಮೂರು ಅಡಿ ನಾಲ್ಕು ಅಂಗುಲ

12 ಜನವರಿ 2025, ಭಾನುವಾರ. ಸಂಜೆ 6

ಬಂಗಾರಪೇಟೆಯ ಮನೆ ಮೂರನೇ ಸಲ ನೋಡಿ ಬಂದಾಯಿತು. ಇವತ್ತೂ ಅದೇ — ಮನೆ ಮಾರುವ ರಾಮಚಂದ್ರಪ್ಪನವರ ಕಾಫಿ, ತಾರಸಿ, ಕೆಳಗಿಳಿದು ಮತ್ತೆ ಕಾಫಿ. ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ. ನೀರು ಬರುತ್ತದೆ. ಅಡುಗೆಮನೆ ಉದ್ದವಾಗಿದೆ, ಇಬ್ಬರು ಆರಾಮಾಗಿ ಓಡಾಡಬಹುದು. ನನಗೂ ಮನಸ್ಸಿದೆ. ವಿಜಯ್ ಅಂತೂ ಟಿವಿ ಯಾವ ಗೋಡೆಗೆ ಅಂತ ಆಗಲೇ ತೀರ್ಮಾನಿಸಿದ್ದಾರೆ.

ಜೂನ್ ಒಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ನಮ್ಮ ಬ್ಲಾಕ್ ಹಳೆಯದಾಯಿತಂತೆ, ಕೆಡವುತ್ತಾರಂತೆ. ಗಂಡ ಹೆಂಡತಿ ಇಬ್ಬರಿಗೂ ಇದೇ ಫ್ಯಾಕ್ಟರಿ, ದಾವಣಗೆರೆಯಿಂದ ಬಂದು ಹದಿನೇಳು ವರ್ಷ. ಸ್ವಂತ ಮನೆ ಅಂತ ಇದೇ ಮೊದಲು.

ಹೊರಡುವಾಗ ಹೇಳಿಯೇಬಿಟ್ಟೆ. ಅಡ್ವಾನ್ಸ್‌ಗೆ ಮುಂಚೆ ಒಬ್ಬ ಸರ್ವೇಯರ್‌ನ ಕರೆಸಿ ಜಾಗ ಅಳೆಸುತ್ತೇವೆ, ಮನೆಯನ್ನೂ ನೋಡಿಸುತ್ತೇವೆ ಎಂದು. ರಾಮಚಂದ್ರಪ್ಪನವರ ಮುಖ ಸಣ್ಣದಾಯಿತು. ರಿಟೈರ್ಡ್ ಮೇಷ್ಟ್ರು. ಅರ್ಧ ಊರು ಅವರ ಶಿಷ್ಯರು. "ಅಳೆಸಿ, ಅಳೆಸಿ" ಅಂದರು, ಒಳಗೆ ಹೋದರು.

ರೈಲಿನಲ್ಲಿ ವಿಜಯ್‌ಗೆ ಸಿಟ್ಟು. ಮೇಷ್ಟ್ರ ಮನೆಯನ್ನೂ ಯಾರಾದರೂ ಅಳೆಸುತ್ತಾರಾ ಅಂತ. ನಾನು ಅಂಬಿಕನ ಕಥೆ ನೆನಪಿಸಿದೆ. ನನ್ನ ಪಕ್ಕದ ಟೇಬಲ್ಲಿನವಳು. ಊರಿಗಾಂನಲ್ಲಿ ಬಣ್ಣ ನೋಡಿ ಮನೆ ತಗೊಂಡಳು. ಹಿಂದಿನ ರೂಮು ಯಾವುದೋ ಹಳೇ ಗುಂಡಿ ಮುಚ್ಚಿದ ಮಣ್ಣಿನ ಮೇಲಿತ್ತು. ಈಗ ಬಾಗಿಲು ಹಾಕಿದರೆ ತೆಗೆಯೋಕಾಗಲ್ಲ, ತೆಗೆದರೆ ಹಾಕೋಕಾಗಲ್ಲ.

ಆಯ್ತು, ಅಳೆಸು ಅಂದರು ವಿಜಯ್. ಒಪ್ಪಿದರು ಅಂತಲ್ಲ.

16 ಜನವರಿ, ಗುರುವಾರ

ಅಂಬಿಕನೇ ಒಬ್ಬರ ನಂಬರ್ ಕೊಟ್ಟಳು. ಮುನಿರಾಜು, ಕ್ಯಾಸಂಬಳ್ಳಿಯವರು, ಲೈಸೆನ್ಸ್ ಇರುವ ಸರ್ವೇಯರ್. ಲಂಚ್‌ನಲ್ಲಿ ಫೋನ್ ಮಾಡಿದೆ. ಖಾತೆ, ಕ್ರಯಪತ್ರ, ಪುರಸಭೆಯಿಂದ ಲೇಔಟ್ ನಕ್ಷೆ — ಮೂರರ ಕಾಪಿ ತರಬೇಕಂತೆ. ಮೇಷ್ಟ್ರ ಹತ್ತಿರ ನಕ್ಷೆಯೂ ಇದೆ ಅಂದೆ. ಅದು ಬೇಡ, ಪುರಸಭೆಯಿಂದಲೇ ತನ್ನಿ ಅಂದರು. ಕಾರಣ ಹೇಳಲಿಲ್ಲ. ಇಷ್ಟವಾದರು.

19 ಜನವರಿ, ಭಾನುವಾರ. ಸಂಜೆ 7

ಮೈಯೆಲ್ಲ ಬಿಸಿಲು.

ಮುನಿರಾಜು ಎಂಟಕ್ಕೇ ಬಂದಿದ್ದರು, ಸ್ಕೂಟರಿನಲ್ಲಿ. ಮೊದಲು ಮನೆ. ಸಣ್ಣ ಸುತ್ತಿಗೆಯಲ್ಲಿ ಗೋಡೆಗಳನ್ನು ತಟ್ಟಿ ಕಿವಿಗೊಟ್ಟು ಕೇಳಿದರು. ತಾರಸಿ ಮೇಲೆ ಎರಡು ಬಕೆಟ್ ನೀರು ಸುರಿಸಿ ಎತ್ತ ಹರಿಯುತ್ತದೆ ನೋಡಿದರು. ಬಚ್ಚಲ ಮೂಲೆಯಲ್ಲಿ ತೇವ, ವೈರಿಂಗ್ ಹಳೆಯದು. ಮಿಕ್ಕಂತೆ ಗಟ್ಟಿ ಅಂದರು. ವಿಜಯ್ ನನ್ನ ಕಡೆ ನೋಡಿದರು — ನೋಡಿದೆಯಾ, ಅನ್ನುವ ಹಾಗೆ.

ಆಮೇಲೆ ಜಾಗ. ರಸ್ತೆ ತುದಿಯ ಪೊದೆಯೊಳಗೆ ಲೇಔಟಿನ ಮೂಲೆಗಲ್ಲು ಹುಡುಕಿ ಅಲ್ಲಿಂದ ಶುರು. ಟೇಪಿನ ಇನ್ನೊಂದು ತುದಿ ವಿಜಯ್ ಹಿಡಿದರು. ಪೂರ್ವದ ಗೋಡೆಗೆ ಬಂದಾಗ ಮುನಿರಾಜು ನಿಂತರು. ಇನ್ನೊಂದು ಸಲ ಅಳೆದರು. ರಸ್ತೆಯ ಆ ಕೊನೆಯಿಂದ ತಿರುಗಿಸಿ ಅಳೆದರು. ಬರೆದುಕೊಂಡರು.

ಆ ಗೋಡೆಗೆ ಒರಗಿಕೊಂಡು ಆಚೆ ಒಂದು ಶೀಟಿನ ಮನೆ. ಅರವತ್ತರ ಆಸುಪಾಸಿನ ಒಬ್ಬರು ಹೊಸಲಿನ ಮೇಲೆ ಕೂತು ಅಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿದ್ದರು. ಮಧ್ಯೆ ಒಂದು ಚೊಂಬು ನೀರು ತಂದುಕೊಟ್ಟರು. ತಾಯಮ್ಮ ಅಂತ ಹೆಸರು. ಗಾರೆ ಕೆಲಸದ ಕೂಲಿ.

ಮೇಷ್ಟ್ರು ಹೊರಗೆ ಬರಲೇ ಇಲ್ಲ.

23 ಜನವರಿ, ಗುರುವಾರ

ರಿಪೋರ್ಟ್ ಬಂತು. ನಾಲ್ಕು ಪುಟ, ಒಂದು ಸ್ಕೆಚ್. ಮೂರನೇ ಪುಟದಲ್ಲಿದೆ. ಪೂರ್ವದ ಗೋಡೆ, ಅಡುಗೆಮನೆ ಮತ್ತು ಬಚ್ಚಲಿನ ಸಮೇತ, ಪಕ್ಕದ ನಿವೇಶನದೊಳಕ್ಕೆ ಮೂರು ಅಡಿ ನಾಲ್ಕು ಅಂಗುಲ ಹೋಗಿದೆ.

ಪಕ್ಕದ್ದು ಸರ್ಕಾರ ಕೊಟ್ಟ ಸೈಟು. ನಕ್ಷೆಯಲ್ಲಿ ಇಪ್ಪತ್ತು ಅಡಿ ಅಗಲ. ನೆಲದ ಮೇಲೆ ಹದಿನಾರು ಅಡಿ ಎಂಟು ಅಂಗುಲ. ಅಂದರೆ ತಾಯಮ್ಮನ ಜಾಗದ ಆರನೇ ಒಂದು ಭಾಗ ನನಗೆ ಇಷ್ಟವಾದ ಅಡುಗೆಮನೆಯೊಳಗಿದೆ.

ಮುನಿರಾಜುಗೆ ಫೋನ್ ಮಾಡಿದೆ. ಏನು ಮಾಡಬೇಕು ಅಂತ ಕೇಳಿದೆ.

"ನಾನ್ ನೋಡಿದ್ದು ಬರ್ದಿದೀನಿ ಮೇಡಂ. ಕಾಗ್ದ ನಿಮ್ದು. ಯಾರ್ಗೆ ತೋರಿಸ್ಬೇಕು ಅನ್ನೋದೂ ನಿಮ್ದೇ."

25 ಜನವರಿ, ಶನಿವಾರ

ಮೇಷ್ಟ್ರು ಕ್ವಾರ್ಟರ್ಸಿಗೇ ಬಂದರು. ಕನ್ನಡಕ ಹಾಕಿಕೊಂಡು ನಾಲ್ಕೂ ಪುಟ ಓದಿದರು. ಆಶ್ಚರ್ಯಪಡಲಿಲ್ಲ. ಅದನ್ನು ನಾನು ಗಮನಿಸಿದೆ.

ಮನೆ ಕಟ್ಟುವಾಗ ಅಲ್ಲಿ ಗಡಿಕಲ್ಲುಗಳೇ ಇರಲಿಲ್ಲವಂತೆ. ಕಣ್ಣಳತೆಯ ಮೇಲೆ ದಾರ ಕಟ್ಟಿಸಿದರಂತೆ. ಈಗ ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಡುತ್ತಾರಂತೆ, ರಿಪೋರ್ಟ್ ನಮ್ಮಲ್ಲೇ ಇದ್ದರೆ.

"ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿಲ್ಲಮ್ಮ. ನೀವು ಯಾಕೆ ತಲೆ ಕೆಡಿಸ್ಕೋತೀರಾ."

ಯೋಚಿಸಿ ಹೇಳುತ್ತೇವೆ ಅಂದೆವು. ಅವರು ಹೋದ ಮೇಲೆ ವಿಜಯ್‌ದು ಒಂದೇ ಮಾತು. ಈ ಮನೆ ಬೇಡ. ಬೇರೆ ನೋಡೋಣ. ಅವರ ಗೋಡೆ, ಅವರ ಪಕ್ಕದವರು, ನಮಗೇನು. ನಾನೂ ಹೂಂ ಅಂದೆ. ನಿಜ ಹೇಳಬೇಕೆಂದರೆ ಹಗುರವಾಯಿತು.

16 ಫೆಬ್ರವರಿ, ಭಾನುವಾರ

ಮೂರು ವಾರ. ಐದು ಮನೆ. ಬೇತಮಂಗಲ ರಸ್ತೆಯಲ್ಲಿ ಒಂದು — ಖಾತೆ ಇನ್ನೂ ಅಣ್ಣತಮ್ಮಂದಿರ ಮಧ್ಯೆ. ಊರಿಗಾಂನಲ್ಲಿ ಎರಡು — ಗೋಡೆಗೆ ಕೈಯಿಟ್ಟರೆ ಸುಣ್ಣ ಉದುರುತ್ತದೆ. ಇನ್ನೆರಡು ಬರೆಯುವಷ್ಟೂ ಇಲ್ಲ.

ರಿಪೋರ್ಟ್ ಬೀರುವಿನಲ್ಲಿ, ಸೀರೆಗಳ ಕೆಳಗೆ. ಅಲ್ಲಿ ಯಾಕಿಟ್ಟೆನೋ. ವಿಜಯ್‌ಗೆ ಗೊತ್ತಿರುವ ಕಾಗದವೇ.

21 ಫೆಬ್ರವರಿ, ಶುಕ್ರವಾರ

ಅರ್ಧ ದಿನ ರಜೆ ಹಾಕಿ ಬಂಗಾರಪೇಟೆಗೆ ಹೋಗಿದ್ದೆ, ಇನ್ನೊಂದು ಮನೆಯ ಮೇಲೆ ಸಾಲವಿಲ್ಲ ಅನ್ನುವ ಇಸಿ ತೆಗೆಸಲು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೆಗಲು ಮುಟ್ಟಿದರು. ತಾಯಮ್ಮ. ಕೆಲಸ ಮುಗಿಸಿ ಬರುತ್ತಿದ್ದರು. ಕೈಯಲ್ಲಿ ಬಾಂಡ್ಲಿ, ಮೊಣಕಾಲವರೆಗೆ ಸಿಮೆಂಟು.

"ಆವತ್ತು ಅಳೆದ್ರಲ್ಲಮ್ಮ, ಎಷ್ಟ್ ಬಂತು?"

ಸರಿಯಾಗೇ ಬಂತು ಅಂದೆ.

"ಔದಾ" ಅಂದರು. ಅಷ್ಟೇ. ಬಸ್ಸು ಬಂತು, ಹತ್ತಿದೆ.

ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಪೀಸು ವಾಪಸ್ ಕಳಿಸುವ ಕೆಲಸ ನನ್ನದು. ಇನ್‌ಸ್ಪೆಕ್ಷನ್ ಸೆಕ್ಷನ್. ಹದಿನೇಳು ವರ್ಷ. ಎಷ್ಟು ಜನ ಜಗಳಕ್ಕೆ ಬಂದರು, ಒಂದು ದಿನವೂ ಸುಳ್ಳು ರೀಡಿಂಗ್ ಬರೆದಿಲ್ಲ. ಇವತ್ತು ಯಾರೂ ಜಗಳಕ್ಕೇ ಬರಲಿಲ್ಲ...

22 ಫೆಬ್ರವರಿ, ಶನಿವಾರ

ಕೆಲಸದಲ್ಲಿ ಎರಡು ಸಲ ರೀಡಿಂಗ್ ತಪ್ಪು ಬರೆದೆ. ಅಂಬಿಕ ತಿದ್ದಿದಳು.

23 ಫೆಬ್ರವರಿ, ಭಾನುವಾರ. ಮಧ್ಯಾಹ್ನ 3

ಬೆಳಿಗ್ಗೆ ವಿಜಯ್‌ಗೆ ಹೇಳಿದೆ, ತಾಯಮ್ಮನಿಗೆ ರಿಪೋರ್ಟ್ ತೋರಿಸಿ ಬರುತ್ತೇನೆ ಅಂತ. ಬೇಡ ಅಂದರು. ಊರವರ ಜಗಳ ಮೈಮೇಲೆ ಎಳೆದುಕೊಳ್ಳುತ್ತೀಯ ಅಂದರು. ಹೋದೆ.

ತಾಯಮ್ಮ ಬಟ್ಟೆ ಒಗೆಯುತ್ತಿದ್ದರು. ಸ್ಕೆಚ್ ನೆಲದ ಮೇಲೆ ಹಾಸಿ ಬೆರಳಿಟ್ಟು ತೋರಿಸಿದೆ — ಇದು ನಿಮ್ಮ ಸೈಟು, ಇದು ಗೋಡೆ, ಗೋಡೆ ಇರಬೇಕಾದದ್ದು ಇಲ್ಲಿ. ಕೈ ಒರೆಸಿಕೊಂಡು ನೋಡಿದರು.

"ಆ ಗೋಡೆ ಕಟ್ಟಿದ್ದು ನಮ್ಮೆಜಮಾನ್ರೇ ಕಣಮ್ಮ. ಗಾರೆ ಕಲ್ಸಿಕೊಟ್ಟಿದ್ದು ನಾನು. ದಾರ ನಮ್ ಕಡೀಕ್ ಬಂದದೆ ಅಂತ ಆವತ್ತೇ ಏಳ್ದೆ. ಸುಮ್ಕಿರು, ಕೂಲಿ ಓಯ್ತದೆ ಅಂದ್ರು."

ಕೂಲಿಗೆ ತಮ್ಮ ಜಾಗದಲ್ಲೇ ಬೇರೆಯವರ ಗೋಡೆ ಕಟ್ಟಿದ್ದಾರೆ, ಗಂಡ ಹೆಂಡತಿ ಸೇರಿ. ಗಂಡ ತೀರಿಕೊಂಡು ಒಂಬತ್ತು ವರ್ಷ. ಆಮೇಲೆ ಎರಡು ಸಲ ಮೇಷ್ಟ್ರನ್ನು ಕೇಳಿದರಂತೆ. ಒಂದನೇ ಕ್ಲಾಸೂ ಓದದವಳು ನನಗೆ ಅಡಿ ಅಂಗುಲ ಹೇಳಿಕೊಡುತ್ತೀಯಾ ಅಂದರಂತೆ. ರಸ್ತೆಯವರೂ ನಕ್ಕರು. ಹೆತ್ತ ಮಗಳೂ ಬಾಯಿ ಮುಚ್ಚಿಕೊಂಡಿರು ಅಂದಳು. ಕೊನೆಗೆ, ನನ್ನ ಕಣ್ಣೇ ಸರಿಯಿಲ್ಲವೇನೋ ಅನ್ನಿಸಿಬಿಟ್ಟಿತ್ತಂತೆ.

ಮೊನ್ನೆ ಸುಳ್ಳು ಹೇಳಿದೆ ಅಂದೆ.

"ಗೊತ್ತಾಯ್ತು ಬುಡಮ್ಮ. ಏಳೋವಾಗ ನನ್ ಮಕ ನೋಡ್ಲಿಲ್ಲ ನೀವು."

ಏನು ಬೇಕು ನಿಮಗೆ ಅಂತ ಕೇಳಿದೆ. ಜಾಗ ಅನ್ನುತ್ತಾರೆ, ಇಲ್ಲ ದುಡ್ಡು ಅನ್ನುತ್ತಾರೆ ಅಂದುಕೊಂಡಿದ್ದೆ. ಈ ಕಾಗದ ತಮಗೂ ಒಂದು ಬೇಕು ಅಂದರು. ಸ್ಟೇಷನ್ ಹತ್ತಿರ ಒಂದು ಜೆರಾಕ್ಸ್ ಅಂಗಡಿ ತೆಗೆದಿತ್ತು. ಇಬ್ಬರೂ ನಡೆದುಕೊಂಡು ಹೋದೆವು. ಲ್ಯಾಮಿನೇಷನ್ ಮಾಡಿಸಿಕೊಂಡರು.

6 ಮಾರ್ಚ್, ಗುರುವಾರ

ಮೇಷ್ಟ್ರ ಫೋನ್. ತಾಯಮ್ಮ ಪುರಸಭೆಗೆ ಅರ್ಜಿ ಕೊಟ್ಟಿದ್ದಾರೆ. ರಸ್ತೆಯಲ್ಲಿ ಎಲ್ಲರಿಗೂ ಕಾಗದ ತೋರಿಸಿದ್ದಾರೆ. ಮೇಷ್ಟ್ರು ಕೂಗಾಡಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನಲವತ್ತು ವರ್ಷದ ಹೆಸರು ಸುಮಿತಾ ಅವರೇ" ಅಂದರು, ಇಟ್ಟರು.

ಇವತ್ತು ಊಟಕ್ಕೆ ಕೂತಾಗ ವಿಜಯ್ ತಾವಾಗಿಯೇ ಹೇಳಿದರು, ಅಡಿ ಅಂಗುಲ ತಪ್ಪು ಅಂತ ಯಾರಾದರೂ ಅಂದರೆ ನಾನು ಬಂದು ಹೇಳುತ್ತೇನೆ, ಟೇಪು ಹಿಡಿದವನು ನಾನೇ ಅಂತ. ಸಾರು ಬಡಿಸಿದೆ.

5 ಏಪ್ರಿಲ್, ಶನಿವಾರ

ಪುರಸಭೆಯವರು ನಿನ್ನೆ ಬಂದು ಅಳೆದರಂತೆ. ಅದೇ ಲೆಕ್ಕ. ಮೂರಡಿ ನಾಲ್ಕಂಗುಲ. ತಾಯಮ್ಮ ಯಾರದೋ ಫೋನಿನಿಂದ ಮಾಡಿದ್ದರು. ಗೆದ್ದ ದನಿ ಇರಲಿಲ್ಲ. ಮೇಷ್ಟ್ರು ಒಳಗೇ ಕೂತಿದ್ದರು, ಊಟ ಮಾಡಿದರೋ ಇಲ್ಲವೋ ಅಂದರು.

ನಮಗೆ ಇನ್ನೂ ಮನೆ ಸಿಕ್ಕಿಲ್ಲ. ಎರಡು ತಿಂಗಳಿದೆ.

20 ಏಪ್ರಿಲ್, ಭಾನುವಾರ. ಸಂಜೆ

ಮೇಷ್ಟ್ರೇ ಹೇಳಿಕಳಿಸಿದ್ದರು. ಹೋದೆವು. ಇಳಿದುಹೋಗಿದ್ದಾರೆ. ಇವತ್ತು ಕಾಫಿ ಇಲ್ಲ. ನೇರ ವಿಷಯ. ಮುಳಬಾಗಿಲಿನಲ್ಲಿ ಮಗಳ ಮನೆಗೆ ಹೋಗುತ್ತಾರಂತೆ. ತಮ್ಮದು ಎಷ್ಟಿದೆಯೋ ಅಷ್ಟನ್ನೇ ಮಾರುತ್ತಾರೆ. ಪತ್ರದಲ್ಲಿ ಸರಿಯಾದ ಅಳತೆ. ಗೋಡೆ ಒಡೆಸಿ ಹಿಂದಕ್ಕೆ ಕಟ್ಟಿಸುವ ಖರ್ಚೂ ಅವರದೇ. ನಿಮಗೆ ಈಗಲೂ ಬೇಕಾ ಅಂತ ಕೇಳಿದರು.

ನಾವಿಬ್ಬರೂ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಅವರೇ, ಯಾರೂ ಕೇಳದೆ —

"ಕಣ್ಣಳತೆ ಅಂದೆ ನಿಮ್ಮ ಹತ್ರ. ಅಲ್ಲ. ದಾರ ಕಟ್ಟಿಸಿದ ದಿನವೇ ನಂಗೆ ಗೊತ್ತಿತ್ತು. ತಾಯಮ್ಮ ಹೇಳಿದ್ದೂ ಕೇಳಿಸಿತ್ತು."

ವಿಜಯ್ ತಲೆ ತಗ್ಗಿಸಿದರು. ಹಿರಿಯರು ಹಾಗೆ ನಿಂತದ್ದನ್ನು ನೋಡಲಾಗಲಿಲ್ಲ.

ಹತ್ತು ಅಡಿಯ ಅಡುಗೆಮನೆ ಆರು ಅಡಿ ಎಂಟು ಅಂಗುಲ ಆಗುತ್ತದೆ. ಕಿಟಕಿಯೂ ಇರಲ್ಲ. ಸಾಕು ಅಂದೆ. ತಾಯಮ್ಮನ ಶೀಟುಗಳು ಆ ಗೋಡೆಯ ಮೇಲೇ ಕೂತಿವೆ. ಮೊದಲು ಅವರಿಗೆ ಕಂಬ ನಿಲ್ಲಿಸಬೇಕು, ಆಮೇಲೆ ಗೋಡೆ. ಮಳೆಗೆ ಮುಂಚೆ.

14 ಮೇ, ಬುಧವಾರ

ರಿಜಿಸ್ಟರ್ ಆಯಿತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಾಲ್ಕು ಗಂಟೆ ನಿಂತೆವು. ಸಾಕ್ಷಿಗೆ ತಾಯಮ್ಮ ಬಂದಿದ್ದರು, ಹೊಸ ಸೀರೆ. ಹೆಬ್ಬೆಟ್ಟಿನ ಪ್ಯಾಡ್ ಮುಂದಿಟ್ಟರು. ಬೇಡ, ರುಜು ಹಾಕ್ತೀನಿ ಅಂದರು. ಯಾವ ಗೆರೆ ಮೇಲೆ ಅಂತ ತಿಳಿಯಲಿಲ್ಲ. ಮೇಷ್ಟ್ರು ಬಾಗಿ ಬೆರಳಿಟ್ಟು ತೋರಿಸಿದರು. ಮೂರು ಅಕ್ಷರ, ನಿಧಾನಕ್ಕೆ. ಒಬ್ಬರನ್ನೊಬ್ಬರು ನೋಡಲಿಲ್ಲ.

25 ಮೇ, ಭಾನುವಾರ. ಮಧ್ಯಾಹ್ನ 12

ಹೊಸ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಡೈರಿ ತುಂಬ ಧೂಳು.

ಏಳಕ್ಕೆ ಶುರು ಮಾಡಿದರು. ಇಬ್ಬರು ಕೆಲಸದವರು. ಒಂಬತ್ತಾದರೂ ಗೋಡೆ ಅಲ್ಲಾಡಲಿಲ್ಲ. ತಾಯಮ್ಮ ತಮ್ಮ ಹೊಸ ಕಂಬಕ್ಕೆ ಒರಗಿ ನೋಡುತ್ತಿದ್ದವರು ಎದ್ದು ಬಂದು, ಆ ಮೂಲೆಯಿಂದ ಒಡೀರಿ, ಅಲ್ಲಿ ಸಿಮೆಂಟು ಕಮ್ಮಿ ಬಿದ್ದದೆ ಅಂದರು. ಅಲ್ಲಿಂದ ಬಿಟ್ಟುಕೊಂಡಿತು. ಬಿದ್ದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಧೂಳೂ ಇತ್ತು. ಯಜಮಾನರ ಕೈಯ ಗೋಡೆ ತಾನೇ. ನಾನು ಹತ್ತಿರ ಹೋಗಿ ನಿಂತೆ, ಅಷ್ಟೇ.

ಈಗ ನನ್ನ ಅಡುಗೆಮನೆಯಿಂದ ಅವರ ಒಲೆ ಕಾಣುತ್ತದೆ. ಮುನಿರಾಜು, ವಿಜಯ್ ಇಬ್ಬರೂ ಹೊಸ ಗೋಡೆಗೆ ದಾರ ಕಟ್ಟಿದ್ದಾರೆ. ತಾಯಮ್ಮ ದಾರದ ಉದ್ದಕ್ಕೂ ನಡೆದು ನೋಡಿದರು. ತಲೆಯಾಡಿಸಿದರು. ಆಮೇಲೆ ನನ್ನ ಅಡುಗೆಮನೆಯೊಳಗೆ ಬಂದು ಸುತ್ತ ತಿರುಗಿ, ಇಲ್ಲಿ ಗಾಳಿ ಎಲ್ಲಿಂದ ಬರಬೇಕು ಅಂತ ಕೇಳಿದರು. ಗಡಿಯ ಗೋಡೆಗೆ ಕಿಟಕಿ ಇಡೋ ಹಾಗಿಲ್ಲ, ಆಚೆಯದು ನಿಮ್ಮ ಜಾಗ ಎಂದು ಮುನಿರಾಜು ಹೇಳಿದರು.

"ನನ್ ಜಾಗ ತಾನೇ? ನಾನ್ ಏಳ್ತೀನಿ. ಕಿಟ್ಕಿ ಇಕ್ಲಿ."

ಮುನಿರಾಜು ನಕ್ಕರು. ಬಾಯಿಮಾತು ಸಾಲದು, ನಾಳೆ ನಿಮ್ಮ ಮಗಳು ಬೇಡ ಅಂದರೆ? ಬರೆದುಕೊಡಬೇಕು ಅಂದರು.

ಬರ್ಕೊಡ್ತೀನಿ ಅಂತ ತಾಯಮ್ಮ ಈ ಕಡೆ ಬರುತ್ತಿದ್ದಾರೆ. ಪಕ್ಕದಲ್ಲೇ ಕೂತರು. ಡೈರಿಯಿಂದ ಒಂದು ಹಾಳೆ ಕೊಡಬೇಕಂತೆ, ಮೊದಲು ರುಜು ಹಾಕುತ್ತಾರಂತೆ, ಮಿಕ್ಕಿದ್ದು ನಾನು ಬರೆಯಬೇಕಂತೆ. ನಾನು ಬರೆಯುತ್ತಿರುವ ಈ ಪೆನ್ನಿಗೂ ಕೈ ಚಾಚಿ —