ಹೊಡೆದುಹಾಕದ ಉಪನ್ಯಾಸ

ಹೈದರಾಬಾದ್, ಜನವರಿ 2004

ಮುದಗಲ್ ಸರ್,

ಇವತ್ತು ಕೋಠಿಯಲ್ಲಿ ನಮ್ಮ ಅನ್ವಯಿಕ ಗಣಿತ ಸಂಘದ ಶಾಖೆಯ ವಾರ್ಷಿಕ ಸಭೆ ನಡೆಯಿತು. ನೀವಿಲ್ಲದ ಮೊದಲ ಸಭೆ. ಹನ್ನೊಂದು ಮಂದಿ ಬಂದಿದ್ದರು. ಈ ಸಲ ನನಗೂ ರಜೆ ಸಿಕ್ಕಿತು, ನೋಡಿ.

ಅಧ್ಯಕ್ಷರಾಗಿ ವರ್ಷದ ವರದಿಯನ್ನು ನೀವು ವರ್ಷದ ಮೊದಲಲ್ಲೇ ಬರೆದಿಡುತ್ತಿದ್ದಿರಿ, ಎಲ್ಲವೂ ಆಗಿಹೋದಂತೆ. ಆಗದೆ ಉಳಿದದ್ದನ್ನು ಆಮೇಲೆ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದಿರಿ. ನವೆಂಬರ್‌ನಲ್ಲಿ ನೀವು ತೀರಿಕೊಂಡ ಮೇಲೆ ಆ ಹಾಳೆ ಉಪಾಧ್ಯಕ್ಷೆ ಗೋದಾವರಿಬಾಯಿಯವರ ಕೈಗೆ ಬಂದಿತ್ತು. ಶಾಲಾ ಮಕ್ಕಳ ಸ್ಪರ್ಧೆ, ನಾಚಾರಂ ಕಾರ್ಖಾನೆಯ ಭೇಟಿ ಎಲ್ಲ ಓದುತ್ತ ಹೋದವರು ಒಂದು ಕಡೆ ತಡೆದು ನಿಂತರು.

“ಉಪ್ಪಲ್ ಸಿಗ್ನಲ್ಲಿನ ವಾಹನಗಳ ಸಾಲಿನ ಗಣಿತ ಕುರಿತು ಹರ್ಷದಾ ಉಪನ್ಯಾಸ ನೀಡಿದರು ಅಂತ ಬರದಾರ. ಇದು ಯಾವಾಗ ಆತವ್ವಾ?”

“ಆಗಿಲ್ರಿ,” ಎಂದೆ.

ಜೂನ್‌ನಲ್ಲಿ ನನ್ನ ಉಪನ್ಯಾಸ ಕೇಳಲು ಹುಡುಗರೆಲ್ಲ ಬಂದು ಕೂತ ಮೇಲೆ ನಮ್ಮ ಸಾಫ್ಟ್‌ವೇರ್ ಆಫೀಸಿನಿಂದ ನಿಮಗೆ ಫೋನ್ ಮಾಡಿ, ಬರಲು ಆಗುವುದಿಲ್ಲ ಎಂದಿದ್ದೆ. “ಇರ್ಲಿ ಬಿಡವ್ವಾ, ಚಾ ಕುಡಿಸಿ ಕಳಸ್ತೀನಿ,” ಎಂದಿರಿ. ಆಮೇಲೆ ನಿಮ್ಮ ಫೋನ್ ಬಂದಾಗಲೆಲ್ಲ ನಾನು ಮೀಟಿಂಗ್‌ನಲ್ಲಿದ್ದೆ.

ಗೋದಾವರಿಬಾಯಿ ಹಾಳೆಯನ್ನೂ ಕೆಂಪು ಪೆನ್ನನ್ನೂ ನನ್ನ ಮುಂದಿಟ್ಟು, “ನೀನ ಹೊಡದಹಾಕವ್ವಾ,” ಎಂದರು.

ಆ ಸಾಲನ್ನು ನೀವು ಹೊಡೆದಿರಲಿಲ್ಲ. ಬರೀ ತಿಂಗಳನ್ನು ಹೊಡೆದಿದ್ದಿರಿ. ಜೂನ್ ಹೊಡೆದು ಆಗಸ್ಟ್ ಎಂದು ಬರೆದಿದ್ದಿರಿ. ಅದನ್ನೂ ಹೊಡೆದು ಅಕ್ಟೋಬರ್. ಕೊನೆಗೆ, ನಡುಗುವ ಅಕ್ಷರದಲ್ಲಿ, ಡಿಸೆಂಬರ್.

ಪೆನ್ನು ಹಿಡಿದು ಕೂತೆ, ಸರ್. ಡಿಸೆಂಬರ್ ಹೊಡೆದು ಮುಂದೆ ಬರೆಯಲು ಆ ವರ್ಷದಲ್ಲಿ ಇನ್ನೊಂದು ತಿಂಗಳು ಇರಲಿಲ್ಲ.