ಇಂಜಿನ್ನಿನಲ್ಲಿ ಇಲ್ಲದ ಬಡಿತ

ಅಕ್ಕಾ,

ನಮಸ್ಕಾರ. ಮೊನ್ನೆ ನಿಮ್ಮ ಹಳೆಯ ಡೀಸೆಲ್ ಕಾರು ನೋಡಲು ಬಂದಿದ್ದ ಶಾಲಾ ವ್ಯಾನಿನ ಡ್ರೈವರ್ ನಾನು. ಇದನ್ನು ನಿಮ್ಮ ಯಜಮಾನರ ಕಣ್ಣಿಗೆ ಬೀಳದಂತೆ ಓದಿ.

ಕಾರು ಕೊಳ್ಳಲೇಬೇಕೆಂದು ಆಗಲೇ ತೀರ್ಮಾನಿಸಿದ್ದೆ. ಬಾನೆಟ್ ಮುಟ್ಟಿದರೆ ತಣ್ಣಗಿತ್ತು, ಅಂದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಲು ಇಂಜಿನ್ ಮೊದಲೇ ಬಿಸಿ ಮಾಡಿಟ್ಟು ನನಗೆ ಟೋಪಿ ಹಾಕುವ ಉದ್ದೇಶ ಅವರಿಗಿರಲಿಲ್ಲ. ಆದರೂ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕಪ್ಪು ಹೊಗೆಯಿಲ್ಲ, ನೀಲಿ ಹೊಗೆಯೂ ಇಲ್ಲ. ಅಷ್ಟರಲ್ಲಿ ನೀವು ನೀರು ಕೊಡುವ ನೆಪದಲ್ಲಿ ಬಂದು, "ತಗೋಬೇಡಮ್ಮ, ಅವರು ಮಧ್ಯಾಹ್ನ ಮಲಗಿದಾಗ ನಾನು ಇದರಲ್ಲೇ ಓಡಿಸೋದು ಕಲೀತಿದೀನಿ" ಎಂದು ಪಿಸುಗುಟ್ಟಿದಿರಿ. ನನ್ನ ಮನಸ್ಸು ಕರಗಿತು.

"ಇಂಜಿನ್ ಒಳಗೆ ಏನೋ ಬಡಿತ ಇದೆ ಅಣ್ಣಾ" ಎಂದುಬಿಟ್ಟೆ. ಅವರು ಬಾನೆಟ್ಟಿನ ಮೇಲೆ ಬಗ್ಗಿ ಕಿವಿಗೊಟ್ಟು, "ಹೌದಮ್ಮ, ನನಗೂ ಬಹಳ ದಿನದಿಂದ ಅನುಮಾನ" ಎಂದರು. ಇಲ್ಲದ ಬಡಿತ ಅವರಿಗೆ ಹೇಗೆ ಕೇಳಿಸಿತೋ ದೇವರೇ ಬಲ್ಲ.

ಇವತ್ತು ಫೋನ್ ಮಾಡಿ ನನ್ನ ಪ್ರಾಮಾಣಿಕತೆಯನ್ನು ಬಾಯಿತುಂಬ ಹೊಗಳಿದರು. ಕಾರನ್ನು ಗುಜರಿಗೆ ಹಾಕುತ್ತಾರಂತೆ, ಗುರುವಾರ ಲಾರಿ ಬರುತ್ತದಂತೆ. ಫೋನ್ ಇಟ್ಟವಳೇ ಈ ಕಾಗದ ಬರೆಯಲು ಕೂತೆ.

ಅಕ್ಕಾ, ಇನ್ನು ಗುಟ್ಟು ಸಾಕು. ಬುಧವಾರವೇ ಕೀ ತೆಗೆದುಕೊಂಡು, ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ನೀವೇ ಪೇಟೆಯೆಲ್ಲ ಒಂದು ಸುತ್ತು ಹಾಕಿಸಿಕೊಂಡು ಬನ್ನಿ. ಕ್ಲಚ್ ಮೆಲ್ಲಗೆ ಬಿಡಿ. ಇಂಜಿನ್ನಿಗೆ ನಾನು ಹೊಣೆ. ಪಕ್ಕದ ಸೀಟಿನಿಂದ ಬರುವ ಸದ್ದಿಗೆ ಅಲ್ಲ.

ನಿಮ್ಮ ತಂಗಿಯಂಥವಳು,
ವ್ಯಾನಿನ ಡ್ರೈವರ್