ಎಂಟು ಜನಕ್ಕೆ ಒಂದೇ ಗಾಡಿ

೪.೪.೭೬, ಭಾನುವಾರ

ಮದ್ದೂರಿಗೆ ಹೋಗಿ ಮೂರನೇ ಗಾಡಿಯನ್ನೂ ನೋಡಿ ಬಂದೆ. ಕಬ್ಬಿನ ಕಂಟ್ರಾಕ್ಟರ್ ಒಬ್ಬರ ಜೀಪು. ಎಂಜಿನ್ ಪರವಾಗಿಲ್ಲ, ಟೈರು ಹೊಸದು. ಆದರೆ ಹಿಂದೆ ಬರೀ ಬೆಂಚು. ಅಮ್ಮ ಅದರಲ್ಲಿ ಕೂತರೆ ಪ್ರತಿ ಹಳ್ಳಕ್ಕೂ ಗೋವಿಂದಾ ಅನ್ನಬೇಕು. ಬಾಗಿಲು ಅಂದರೆ ಟಾರ್ಪಾಲು. ಬೇಡ ಎಂದೆ.

ಕಂಟ್ರಾಕ್ಟರಿಗೆ ಸಿಟ್ಟು. "ನಿಮಗೆ ಬೇಕಾಗಿರೋದು ಗಾಡಿಯೋ ಮನೆಯೋ?"

ಮನೆಯೇ ಬೇಕು. ಎಂಟು ಜನ ಒಟ್ಟಿಗೆ ಕೂರಬೇಕು. ಗಟ್ಟಿ ಬಾಗಿಲು ಬೇಕು. ಕಾಡು ರಸ್ತೆ, ಹೊಳೆಯ ಮರಳು ಯಾವುದಕ್ಕೂ ನಿಲ್ಲಬಾರದು. ಇನ್ನೊಂದು ಕಾರು ಕರೆಸುವ ಮಾತೇ ಬರಬಾರದು.

ಊಟಕ್ಕೆ ಕೂತಾಗ ಇದನ್ನೇ ಹೇಳಿದೆ. ಶ್ರೀಮತಿ ಸಾರು ಬಡಿಸುತ್ತಾ "ಏಳು ಜನ ರೀ" ಅಂದಳು. ಅಮ್ಮ, ಅಣ್ಣ, ಅತ್ತಿಗೆ, ನಾವಿಬ್ಬರು, ನಮ್ಮ ಹುಡುಗರಿಬ್ಬರು. ಏಳೇ.

"ಡ್ರೈವರ್ ಸೇರಿ" ಅಂದೆ.

ಸುಳ್ಳು. ಡ್ರೈವರ್ ನೆನಪೇ ಇರಲಿಲ್ಲ. ಅಣ್ಣನ ಮಗಳು ವಕುಳಳನ್ನು ಸೇರಿಸಿ ಎಣಿಸಿದ್ದೆ. ಅತ್ತಿಗೆ ತಲೆ ಎತ್ತಲಿಲ್ಲ, ಎಲೆಯ ಮೇಲಿನ ಅನ್ನ ಕಲಸುತ್ತಲೇ ಇದ್ದರು.

೭.೪.೭೬, ಬುಧವಾರ

ಕೃಷಿ ಫಾರಂನಲ್ಲಿ ಬೆಳಿಗ್ಗೆಯೆಲ್ಲ ಬೀಜದ ಭತ್ತದ ಪಟ್ಟಿ. ಅಂಚಿನಲ್ಲಿ ಮತ್ತೆ ಸೀಟುಗಳ ನಕ್ಷೆ ಬರೆದಿದ್ದೇನೆ. ಸೂಪರಿಂಟೆಂಡೆಂಟ್ ನೋಡಿದರು, ಏನೂ ಅನ್ನಲಿಲ್ಲ. ಒಂದು ವರ್ಷದಿಂದ ಯಾರೂ ನಮ್ಮ ಮನೆಯವರಿಗೆ ಏನೂ ಅನ್ನುವುದಿಲ್ಲ.

ಸಂಜೆ ಅಣ್ಣ ಕೋರ್ಟಿನಿಂದ ಬಂದವನೇ, "ರಾಮು, ಇಡೀ ಮಂಡ್ಯಕ್ಕೆ ಅಂಬಾಸಿಡರ್ ಸಾಕು. ನಿನಗೊಬ್ಬನಿಗೆ ಸಾಲದಾ?" ಅಂದ. ಅಂಬಾಸಿಡರಿನ ಮಾತು ಎತ್ತಬೇಡ ಎಂದೆ. ದನಿ ಜೋರಾಯಿತು. ಅಣ್ಣ ಕೋಟು ಬಿಚ್ಚಿ ಒಳಗೆ ಹೋದ. ಮಗಳನ್ನು ಕಳೆದುಕೊಂಡವನು ಅವನು, ಕೂಗಾಡುವವನು ನಾನು. ಚೆನ್ನಾಗಿದೆ.

ಅವತ್ತು ಎರಡು ಬಾಡಿಗೆ ಅಂಬಾಸಿಡರ್. ಹೋದ ಮೇ ೧೮, ಮುತ್ತತ್ತಿ. ಹೊಳೆಸ್ನಾನ, ದರ್ಶನ, ಬುತ್ತಿ. ವಾಪಸು ಬರುವಾಗ ಮಳವಳ್ಳಿ ಹೋಟೆಲಿನ ಮುಂದೆ ಎರಡೂ ಕಾರು ನಿಂತವು. ಅತ್ತಿಗೆ ನಮ್ಮ ಕಾರಿನೊಳಗೆ ಬಗ್ಗಿ ನೋಡಿ "ವಕುಳ ನಿದ್ದೆ ಹೋದಳಾ?" ಅಂದರು. ಅವರು ನಮ್ಮ ಕಾರಿನಲ್ಲಿ ಅಂದುಕೊಂಡಿದ್ದರು, ನಾವು ಅವರ ಕಾರಿನಲ್ಲಿ. ಎಂಟು ವರ್ಷದ ಮಗು. ಮಾರನೆಯ ದಿನ ಮಧ್ಯಾಹ್ನ ಹರಿಗೋಲಿನವರು ಹೊಳೆಯಿಂದ ಎತ್ತಿಕೊಟ್ಟರು.

ಹೀಗೆಂದು ಎಲ್ಲರೂ ನಂಬಿದ್ದಾರೆ. ಅಮ್ಮ ಬಂದವರಿಗೆಲ್ಲ ಹೇಳುತ್ತಾರೆ: "ಹೆತ್ತವಳಿಗೆ ಮಗು ಎಲ್ಲಿದೆ ಅಂತ ನೋಡೋಕಾಗಲಿಲ್ಲ. ಅದೂ ಹಟಮಾರಿ. ಹೇಳಿದ ಮಾತು ಕೇಳೋ ಪೈಕಿಯಲ್ಲ. ಮತ್ತೆ ನೀರಿಗೆ ಓಡಿರುತ್ತೆ." ಅತ್ತಿಗೆ ಕೇಳಿಸಿಕೊಂಡು ಅಕ್ಕಿ ಆರಿಸುತ್ತಾರೆ. ನಾನೂ ಕೇಳಿಸಿಕೊಳ್ಳುತ್ತೇನೆ.

೧೮.೪.೭೬, ಭಾನುವಾರ

ಸಿಕ್ಕಿತು. ಮಳವಳ್ಳಿಯ ರೇಷ್ಮೆ ವ್ಯಾಪಾರಿಯೊಬ್ಬರದು. ವಿಲ್ಲೀಸ್ ಸ್ಟೇಷನ್ ವ್ಯಾಗನ್. ಮೂರು ಸಾಲು ಸೀಟು, ಮೆತ್ತನೆಯ ರೆಕ್ಸಿನ್, ತಗಡಿನ ಬಾಗಿಲು, ಸುತ್ತ ಗಾಜು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಬೇರೆ ಗೇರು. ಮುಂದಿನ ಸೀಟಿನಿಂದ ತಿರುಗಿದರೆ ಕೊನೆಯ ಸಾಲಿನವರ ಮುಖವೂ ಕಾಣುತ್ತದೆ. ತಿರುಗಿ ತಿರುಗಿ ನೋಡಿದೆ. ವ್ಯಾಪಾರಿ ನಕ್ಕರು.

ಪರೀಕ್ಷೆ ಮಾಡಲು ಕರಿಸಿದ್ದಯ್ಯನನ್ನು ಕರೆದುಕೊಂಡು ಹೋಗಿದ್ದೆ. ಅವತ್ತು ನಮ್ಮ ಕಾರು ಓಡಿಸಿದವನು ಅವನೇ. ಗಾಡಿಯ ವಿಷಯದಲ್ಲಿ ಈ ತಾಲ್ಲೂಕಿನಲ್ಲಿ ಅವನ ಮಾತೇ ಮಾತು. ಅರೆಬತ್ತಿದ ಕೆರೆಗೆ ಇಳಿಸಿ, ಏರಿ ಹತ್ತಿಸಿ, ಕೆಸರಿನಲ್ಲಿ ಬೇಕಂತಲೇ ನಿಲ್ಲಿಸಿ ಎಬ್ಬಿಸಿದ. ಆಮೇಲೆ ಏರಿಯ ಮೇಲೆ ಎಂಜಿನ್ ಆಫ್ ಮಾಡಿ ಬೀಡಿ ತೆಗೆದ. ಹಚ್ಚಲಿಲ್ಲ.

"ಗಾಡಿ ಬಂಗಾರದಂಗದೆ. ತಕ್ಕಳಿ. ಆದ್ರೆ ಸ್ವಾಮಿ, ಅವತ್ತೂ ಜಾಗ ಇತ್ತಲ್ಲ."

ನಾನು ಕೆರೆಯ ಕಡೆ ತಿರುಗಿದೆ.

"ಇಂದ್ಲ ಸೀಟ್ನಾಗೆ ಅಮ್ಮಾರು ಒಬ್ರೇ ಕುಂತಿದ್ರು. ಮಗು ಬಂದು ಬಾಗ್ಲ ತಾವು ನಿಂತ್ಕಂತು. ನಾನೂ ಇದ್ನಲ್ಲ."

ಹೌದು, ಇತ್ತು. ಅಮ್ಮ ಹೊಳೆಯಲ್ಲಿ ಮುಳುಗಿ ಒದ್ದೆ ಮಡಿಯಲ್ಲಿ ಕೂತಿದ್ದರು, ಶ್ರೀಮತಿ ಮತ್ತು ಹುಡುಗರು ಅಣ್ಣನ ಕಾರಿನಲ್ಲಿ. ವಕುಳ ಹರಿಗೋಲಿನವರ ನಾಯಿಮರಿ ಎತ್ತಿಕೊಂಡು ಆಡಿದ್ದಳು. ಮುಟ್ಟುವ ಹಾಗಿಲ್ಲ. ಅಮ್ಮ "ರಾಮು, ಅದನ್ನ ಆ ಕಾರಿಗೆ ಕಳಿಸು" ಅಂದರು. ಕಳಿಸಿದೆ. ಆ ಕಾರು ಮರದ ಆಚೆ ನಿಂತಿದೆ ಅಂದುಕೊಂಡೆ. ಅದು ಹೊರಟು ಐದು ನಿಮಿಷವಾಗಿತ್ತು. ಇಳಿದು ನೋಡಲಿಲ್ಲ. ಸ್ಟೀರಿಂಗ್ ಹಿಡಿದ ಕರಿಸಿದ್ದಯ್ಯ ಅದೇ ಕಾರಿನಲ್ಲಿದ್ದರೆ ಅಮ್ಮನ ಮಡಿಗೆ ದೋಷವಿಲ್ಲ. ಮೊಮ್ಮಗಳು ಬಂದರೆ ದೋಷ. ಅಮ್ಮನ ಶಾಸ್ತ್ರ ಅದು, ನಾನೂ ಅದಕ್ಕೆ ಹೂಂಗುಟ್ಟಿದೆ.

"ನಾನಾಗಿ ಯಾರ್ಗೂ ಏಳಾಕಿಲ್ಲ" ಅಂದ ಕರಿಸಿದ್ದಯ್ಯ. "ಆದ್ರೆ ಆ ಮಗೀನ ತಾಯಿ ಕೇಳುದ್ರೆ ಸುಳ್ಳೇಳಾಕೂ ಇಲ್ಲ."

ಗಾಡಿ ನನಗೇ ಎಂದು ವ್ಯಾಪಾರಿಗೆ ಮಾತು ಕೊಟ್ಟು ಬಂದೆ.

೨.೫.೭೬, ಭಾನುವಾರ

ವ್ಯಾಗನ್ ಬಂತು. ಗುತ್ತಲು ಬೀದಿಯ ಅರ್ಧ ಅದೇ ಆಗಿದೆ. ಎದುರು ಮನೆಯ ಸೋಮಮ್ಮ ಸುತ್ತು ಹಾಕಿ ನೋಡಿ, "ಬಸ್ಸೇ ತಂದವ್ರೆ ಕಣಮ್ಮ ಅಯ್ನೋರು" ಅಂದರು. ಹುಡುಗರು ಕೊನೆಯ ಸೀಟು ಹಿಡಿದವರು ಇಳಿಯಲೇ ಇಲ್ಲ.

ಅಮ್ಮ ಹೊಸ್ತಿಲ ತನಕ ಬಂದು ನೋಡಿದರು. "ನಾನು ಇನ್ನು ಯಾವ ಗಾಡಿಯನ್ನೂ ಹತ್ತಲ್ಲ" ಅಂದು ಒಳಗೆ ಹೋದರು.

ಅತ್ತಿಗೆ ಮಾತ್ರ ಹತ್ತಿದರು. ಮಧ್ಯದ ಸಾಲಿನಲ್ಲಿ ಕಿಟಕಿಯ ಪಕ್ಕ ಸುಮ್ಮನೆ ಕೂತರು. ಆಮೇಲೆ ನನ್ನನ್ನು ಕರೆದು, "ಹದಿನೆಂಟಕ್ಕೆ ಮುತ್ತತ್ತಿಗೆ ಕರೆದುಕೊಂಡು ಹೋಗ್ತೀರಾ?" ಅಂದರು. "ಅಲ್ಲಿ ನಿಂತು ನೋಡಬೇಕು. ಎರಡು ಕಾರು ಬಿಟ್ಟು ಅವಳು ಯಾಕೆ ಹಿಂದೆ ಉಳಿದಳು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಅವತ್ತಿನ ಡ್ರೈವರನ್ನೇ ಕರೆಸಿ. ಅವರನ್ನೂ ಒಂದು ಮಾತು ಕೇಳ್ತೀನಿ."

ಆಗಲಿ ಎಂದೆ. ಬೇರೆ ಏನನ್ನಲಿ.

೩.೫.೭೬

ಅಮ್ಮನಿಗೆ ಹೇಳಿದೆ: ಕರಿಸಿದ್ದಯ್ಯ ಹೇಳುವ ಮೊದಲು ನಾವೇ ಹೇಳೋಣ.

ಅಮ್ಮ ತುಳಸಿ ಮಣಿ ಎಣಿಸುವುದು ನಿಲ್ಲಿಸಲಿಲ್ಲ. "ಹೇಳಿದರೆ ಮಗು ಎದ್ದು ಬರುತ್ತಾ? ಮನೆ ಎರಡಾಗುತ್ತೆ, ಅಷ್ಟೇ." ಒಂದು ಮಣಿ ಸರಿಸಿ ಮತ್ತೆ, "ನಾನು ಕಳಿಸು ಅಂದೆ. ಬಿಟ್ಟು ಬಾ ಅಂದೆನಾ?"

ಇಲ್ಲ. ಅನ್ನಲಿಲ್ಲ.

೧೪.೫.೭೬

ಹನ್ನೊಂದು ದಿನ ಬರೆದಿಲ್ಲ. ದಿನಾ ಬೆಳಿಗ್ಗೆ ಗಾಡಿ ಒರೆಸುತ್ತೇನೆ. ಇಂದು ಹಿಂದಿನ ಗಾಜಿನಲ್ಲಿ ಒಂದು ಪುಟ್ಟ ಕೈ ಗುರುತು. ಹುಡುಗರದು, ಇನ್ಯಾರದು. ಇಬ್ಬರನ್ನೂ ಕರೆದು ಗುರುತಿಗೆ ಕೈ ಹಿಡಿಸಿ ನೋಡಿದೆ. ಇಬ್ಬರದೂ ದೊಡ್ಡದಾಗಿತ್ತು. ಮಕ್ಕಳು ಹೆದರಿಕೊಂಡವು. ಶ್ರೀಮತಿ ಬಂದು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟಳು.

ನನಗೆ ಭಯವಾಗಿದೆ.

೧೬.೫.೭೬, ಭಾನುವಾರ, ಬೆಳಿಗ್ಗೆ ೧೧

ಹೇಳಿದೆ.

ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. "ವಕುಳ ನಮ್ಮ ಕಾರಿಗೆ ಬಂದಿದ್ದಳು. ಅಮ್ಮ ಮಡಿ ಅಂತ ಹತ್ತಿಸಿಕೊಳ್ಳಲಿಲ್ಲ. ನಾನೇ ನಿಮ್ಮ ಕಾರಿಗೆ ಹೋಗು ಅಂತ ಕಳಿಸಿದೆ." ಒಂದು ವರ್ಷ ಮುಚ್ಚಿಟ್ಟಿದ್ದು ಇಷ್ಟೇ, ಮೂರು ವಾಕ್ಯ.

ಕೂಗಾಡುತ್ತಾರೆ ಅಂದುಕೊಂಡಿದ್ದೆ. ಹೊಡೆದರೂ ಹೊಡೆಸಿಕೊಳ್ಳಲು ಸಿದ್ಧನಿದ್ದೆ. ಅವರು ಕೈಯಲ್ಲಿದ್ದ ಅಣ್ಣನ ಪಂಚೆಯನ್ನು ಕೊಡವಿ ತಂತಿಯ ಮೇಲೆ ಹರವಿದರು. ಅಂಚು ಸರಿಮಾಡಿದರು.

"ಏನಂದಳು?"

"ಯಾವಾಗ?"

"ನೀವು ಹೋಗು ಅಂದಾಗ. ಅವಳು ಏನಂದಳು?"

ಈ ಪ್ರಶ್ನೆ ಬರುತ್ತದೆಂದು ಎಣಿಸಿರಲಿಲ್ಲ. "'ಸರಿ ಚಿಕ್ಕಪ್ಪ' ಅಂದಳು" ಎಂದೆ.

ಅತ್ತಿಗೆ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತರು. ಈ ವರ್ಷದಲ್ಲಿ ನನ್ನೆದುರು ಅತ್ತದ್ದು ಇದೇ ಮೊದಲು. "ಹೇಳಿದ ಮಾತು ಕೇಳೋ ಮಗು ಅದು. ನಾನು ಎಷ್ಟು ಸಲ ಹೇಳಿದೆ ಎಲ್ಲರಿಗೂ." ಆಮೇಲೆ ಎದ್ದು ಒಳಗೆ ಹೋದರು. ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ್ದು ಹಿತ್ತಲಿಗೂ ಕೇಳಿಸಿತು. "ಸರಿ ಅಂದಳಂತೆ ಅತ್ತೆ. ಹಟ ಮಾಡಲಿಲ್ಲವಂತೆ."

ಅಮ್ಮನಿಗೆ ಗೊತ್ತು. ಅಲ್ಲೇ ಇದ್ದರಲ್ಲ.

ವಕುಳ ಸರಿ ಅನ್ನಲಿಲ್ಲ. "ಕೆಳಗೆ ಕೂತ್ಕೋತೀನಿ ಚಿಕ್ಕಪ್ಪ. ಅಜ್ಜೀನ ಮುಟ್ಟಲ್ಲ" ಅಂದಳು. ನಾನು ಕಿಟಕಿಯ ಗಾಜು ಏರಿಸುತ್ತಿದ್ದೆ. ಗಾಜಿನ ಅಂಚಿನ ಮೇಲೆ ಅವಳ ಬೆರಳುಗಳಿದ್ದವು. ತೆಗಿ ಅಂದೆ. ತೆಗೆಯಲಿಲ್ಲ. ಆಗ ನಾನೇ ಒಂದೊಂದಾಗಿ ಬಿಡಿಸಿದೆ.